‘ನೀವು ಅವರಿಗೆ ಏನಾಗಬೇಕು?’: ಒಂದು ಟೊಮೆಟೊ ಗಾಡಿಯ ಪ್ರಕರಣ

ಕೋಲಾರದ ನ್ಯಾಯಾಲಯದಲ್ಲಿ ಅಪಘಾತ ಪರಿಹಾರದ ಅರ್ಜಿಗಳನ್ನು ನಡೆಸುವುದು ನನ್ನ ಹೊಟ್ಟೆಪಾಡು. ಹಾಗಾಗಿ ನನ್ನ ಕಚೇರಿಗೆ ಬರುವವರು ಸಾಮಾನ್ಯವಾಗಿ ಪೆಟ್ಟು ತಿಂದವರು, ಇಲ್ಲವೇ ಪೆಟ್ಟು ತಿಂದು ಸತ್ತವರ ಮನೆಯವರು. ಕಳೆದ ವರ್ಷ ಜುಲೈನ ಒಂದು ಬೆಳಿಗ್ಗೆ ಬಂದವನು ಈ ಎರಡೂ ಅಲ್ಲ. ಅಂಗಿಯ ಎರಡೂ ತೋಳುಗಳಲ್ಲಿ ಒಣಗಿದ ರಕ್ತ. ಅದು ಅವನದಲ್ಲ. ‘ಸರ್, ನಾನು ಒಬ್ಬನನ್ನು ಆಸ್ಪತ್ರೆಗೆ ಸೇರಿಸಿದೆ. ಈಗ ನನ್ನ ಗಾಡಿ ಠಾಣೆಯಲ್ಲಿದೆ’ ಎಂದ.

ಹೆಸರು, ಊರು, ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟು ಪ್ರಕರಣವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಜೀವ ಉಳಿಸಲು ಮುಂದಾದವನನ್ನು ರಕ್ಷಿಸುವ ಕಾನೂನು ನಮ್ಮಲ್ಲಿದೆ, ಒಂದಲ್ಲ ಮೂರು ನೆಲೆಗಳಲ್ಲಿದೆ. ಅದು ಎಲ್ಲಿ ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಈ ಒಂದು ಗಾಡಿಯ ಬೆನ್ನು ಹತ್ತಿಯೇ ನೋಡಬಹುದು.

ಆ ರಾತ್ರಿ

ಚಾಲಕ ಶ್ರೀನಿವಾಸಪುರ ತಾಲ್ಲೂಕಿನವನು. ಪಿಕಪ್ ಗಾಡಿ ಅವನದಲ್ಲ, ಮಾಲೀಕ ಬೇರೆ. ಅಂದು ನೂರು ಕ್ರೇಟು ಟೊಮೆಟೊ ತುಂಬಿಕೊಂಡು ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹೊರಟಿದ್ದ. ಬೆಳೆ ಬೆಳೆದ ರೈತನೂ ಪಕ್ಕದಲ್ಲಿ ಕುಳಿತಿದ್ದ. ಬೆಳಗಿನ ಹರಾಜಿಗೆ ಮಾಲು ಮಂಡಿಯಲ್ಲಿರಬೇಕು; ತಡವಾದರೆ ಆ ದಿನದ ಬೆಲೆ ಕೈತಪ್ಪುತ್ತದೆ. ಸಣ್ಣಗೆ ಮಳೆ ಹನಿಯುತ್ತಿತ್ತು.

ಕೆರೆ ಏರಿಯ ತಿರುವು ದಾಟಿದ ಮೇಲೆ ರಸ್ತೆಯ ಎಡಬದಿಯಲ್ಲಿ ಒಂದು ಬೈಕು ಬಿದ್ದಿತ್ತು. ಸವಾರ ಅದರಿಂದ ನಾಲ್ಕು ಮಾರು ದೂರದಲ್ಲಿದ್ದ. ಇವರ ಕಣ್ಣೆದುರೇ ಒಂದು ಕಾರು ವೇಗ ತಗ್ಗಿಸಿ, ನೋಡಿ, ಮುಂದೆ ಹೋಯಿತು. ‘108ಕ್ಕೆ ಫೋನು ಮಾಡಿ ನಮ್ಮ ಪಾಡಿಗೆ ನಾವು ಹೋಗೋಣಪ್ಪಾ’ ಎಂದದ್ದು ರೈತ. ಚಾಲಕ ಫೋನು ಮಾಡಿದ. ಹತ್ತಿರದ ಆಂಬುಲೆನ್ಸ್ ಬೇರೆ ಕರೆಯ ಮೇಲೆ ಹೋಗಿದೆ, ಬರಲು ಅರ್ಧ ಗಂಟೆಯಾದರೂ ಬೇಕು ಎಂಬ ಉತ್ತರ ಬಂತು. ಆ ಕರೆ ಹೋದದ್ದು ರಾತ್ರಿ 10 ಗಂಟೆ 9 ನಿಮಿಷಕ್ಕೆ. ಈ ಸಮಯವನ್ನು ಓದುಗರು ನೆನಪಿನಲ್ಲಿಡಬೇಕು.

ಬಿದ್ದವನ ತಲೆಯಿಂದ ರಕ್ತ ಹರಿಯುತ್ತಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಗಾಡಿಯಲ್ಲಿ ಮಲಗಿಸಲು ಜಾಗವಿಲ್ಲ. ಇಬ್ಬರೂ ಸೇರಿ ಇಪ್ಪತ್ತು ಕ್ರೇಟುಗಳನ್ನು ರಸ್ತೆ ಬದಿಗೆ ಇಳಿಸಿದರು, ಕೈಕಾಲು ಹಿಡಿದು ಅವನನ್ನು ಎತ್ತಿ ಟಾರ್ಪಾಲಿನ ಮೇಲೆ ಮಲಗಿಸಿದರು. ರೈತ ಹಿಂದೆ ಕುಳಿತು ತಲೆಗೆ ಟವೆಲ್ ಒತ್ತಿ ಹಿಡಿದುಕೊಂಡ. ಬೆನ್ನು, ಕತ್ತಿಗೆ ಪೆಟ್ಟಾಗಿರಬಹುದಾದವರನ್ನು ಹೀಗೆ ಕೈಕಾಲು ಹಿಡಿದು ಎತ್ತಬಾರದು ಎಂದು ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಹೇಳುತ್ತಾರೆ. ಆ ಪಾಠವನ್ನು ಇವರಿಬ್ಬರಿಗೆ ಯಾರೂ ಮಾಡಿರಲಿಲ್ಲ.

ಊರಿನ ಅಂಚಿನಲ್ಲಿ ಮೊದಲು ಸಿಕ್ಕಿದ್ದು ಒಂದು ಖಾಸಗಿ ಆಸ್ಪತ್ರೆ. ಒಳಗೆ ಕರೆದುಕೊಂಡರು, ವೈದ್ಯರು ಕೂಡಲೇ ಬಂದರು. ಈ ಮಾತನ್ನು ಹೇಳಲೇಬೇಕು, ಏಕೆಂದರೆ ಮುಂದೆ ಆ ಆಸ್ಪತ್ರೆಯ ಬಗ್ಗೆ ಒಳ್ಳೆಯ ಮಾತು ಬರುವುದಿಲ್ಲ. ಕೌಂಟರಿನಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ: ‘ನೀವು ಅವರಿಗೆ ಏನಾಗಬೇಕು?’

‘ಏನೂ ಆಗಬೇಕಿಲ್ಲ. ದಾರಿಯಲ್ಲಿ ಬಿದ್ದಿದ್ದರು.’

‘ಹಾಗಾದರೆ ಅಡ್ವಾನ್ಸ್ ಯಾರು ಕಟ್ಟುತ್ತಾರೆ?’

ಚಾಲಕನ ಬಳಿ ಡೀಸೆಲ್‌ಗೆಂದು ಮಾಲೀಕ ಕೊಟ್ಟ ಮೂರು ಸಾವಿರವಿತ್ತು, ರೈತನ ಬಳಿ ಐದು ಸಾವಿರವಿತ್ತು. ಎಂಟು ಸಾವಿರ ಕಟ್ಟಿ ರಸೀದಿ ಪಡೆದರು. ಮೆಡಿಕೊ ಲೀಗಲ್ ರಿಜಿಸ್ಟರಿನಲ್ಲಿ ‘ಕರೆತಂದವರು’ ಎಂಬಲ್ಲಿ ಚಾಲಕನ ಹೆಸರು, ಫೋನ್ ನಂಬರ್ ಬಂತು. ಹೊರಗೆ ಕಾವಲುಗಾರ ಗಾಡಿಯ ನಂಬರನ್ನೂ ಬರೆದುಕೊಂಡ. ಠಾಣೆಗೆ ಮಾಹಿತಿ ಹೋಯಿತು. ಪೊಲೀಸರು ಬರುವವರೆಗೆ ಇರಬೇಕು ಎಂದರು, ಇವರು ಇದ್ದರು.

ಮರುದಿನ ನಾನು ಆ ಆಸ್ಪತ್ರೆಗೆ ಹೋದೆ. ಗಾಯಾಳುವನ್ನು ಕರೆತರುವವರ ಹಕ್ಕುಗಳನ್ನು ಬರೆದ ಫಲಕ ಬಾಗಿಲ ಬಳಿಯೇ ಇತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿರಬೇಕು. ಅಲ್ಲಿದ್ದದ್ದು ಇಂಗ್ಲಿಷಿನಲ್ಲಿ ಮಾತ್ರ. ಅದರ ಕೆಳಗೆ ಚಪ್ಪಲಿ ಬಿಡುವ ಸ್ಟ್ಯಾಂಡ್ ಇಟ್ಟಿದ್ದರು.

ಕಾನೂನು ಏನು ಹೇಳುತ್ತದೆ

ಇದನ್ನು ಬೇಗ ಮುಗಿಸುತ್ತೇನೆ. ಪೊಲೀಸರ ಕಾಗದಪತ್ರಕ್ಕೆ ಕಾಯದೆ ಮೊದಲು ಜೀವ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ಅದು ವೈದ್ಯರಿಗೆ ಹೇಳಿದ ಮಾತು. ಕರೆತರುವವನ ಬಗ್ಗೆ ಮಾತು ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. ರಸ್ತೆ ಸುರಕ್ಷತೆಗಾಗಿ ಕೆಲಸ ಮಾಡುವ ಸೇವ್‌ಲೈಫ್ ಫೌಂಡೇಷನ್ ಎಂಬ ಸಂಸ್ಥೆ 2012ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದಾಗಿ 2015ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ವಿ. ಗೋಪಾಲಗೌಡರು ನಮ್ಮ ಪಕ್ಕದ ಚಿಂತಾಮಣಿ ತಾಲ್ಲೂಕಿನವರು ಎಂಬುದನ್ನು ಇಲ್ಲಿನ ವಕೀಲರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಅದೇ 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದರೂ ಕಣ್ಣು ದಾನ ಮಾಡಿ ಎಂದು ಬೇಡಿಕೊಂಡು ಸತ್ತ ಗುಬ್ಬಿ ತಾಲ್ಲೂಕಿನ ಯುವಕ ಹರೀಶನ ಸುದ್ದಿ ರಾಜ್ಯವನ್ನೇ ಅಲುಗಾಡಿಸಿತ್ತು. ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಭರಿಸುವ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ ಬಂದದ್ದು ಆಗ. ಅದೇ ವರ್ಷದ ಹೆಸರು ಹೊತ್ತ ಕರ್ನಾಟಕದ ಗುಡ್ ಸಮಾರಿಟನ್ (ಆಪತ್ತಿನಲ್ಲಿ ನೆರವಾಗುವ ಅಪರಿಚಿತ) ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. ಇಂತಹ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಆಮೇಲೆ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ ನೆರವಾದವನನ್ನು ರಕ್ಷಿಸುವ 134ಎ ಎಂಬ ಕಲಂ ಸೇರಿತು, 2020ರ ಸೆಪ್ಟೆಂಬರಿನಲ್ಲಿ ಅದರ ನಿಯಮಗಳು ಬಂದವು.

ಇವೆಲ್ಲವನ್ನೂ ನನ್ನ ಕಕ್ಷಿದಾರನಿಗೆ ಅನ್ವಯಿಸಿದರೆ ಹೀಗಾಗುತ್ತದೆ. ಹೆಸರು, ವಿಳಾಸ ಹೇಳು ಎಂದು ಅವನನ್ನು ಒತ್ತಾಯಿಸುವಂತಿರಲಿಲ್ಲ. ರಕ್ತಸಂಬಂಧಿಯಲ್ಲದ ಅವನಿಂದ ದಾಖಲಾತಿಯ ಹಣ ಕೇಳುವಂತಿರಲಿಲ್ಲ. ಪೊಲೀಸರು ಬರುವವರೆಗೆ ಇರು ಎಂದು ನಿಲ್ಲಿಸುವಂತಿರಲಿಲ್ಲ. ಸಾಕ್ಷಿಯಾಗಲು ಅವನಾಗಿಯೇ ಒಪ್ಪಿದ್ದರೆ ತನಿಖಾಧಿಕಾರಿ ಅವನ ಮನೆಗೋ ಕೆಲಸದ ಜಾಗಕ್ಕೋ ಸಾದಾ ಉಡುಪಿನಲ್ಲಿ ಹೋಗಿ, ಒಂದೇ ಸಲಕ್ಕೆ ಹೇಳಿಕೆ ಪಡೆದು ಮುಗಿಸಬೇಕಿತ್ತು. ಹೇಳಿಕೆಯ ಭಾಷೆ ಅವನಿಗೆ ಬಾರದಿದ್ದರೆ ದುಭಾಷಿಯನ್ನೂ ಒದಗಿಸಬೇಕಿತ್ತು. ಈ ಕೊನೆಯ ಮಾತು ನಮ್ಮ ಗಡಿ ತಾಲ್ಲೂಕುಗಳಿಗೆ ಸಣ್ಣದಲ್ಲ. ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಕಲಿತ ಚಾಲಕ ‘ಎತ್ತಿದೆ’ ಎಂದದ್ದನ್ನು ಠಾಣೆಯ ಬರಹಗಾರ ‘ಎತ್ತಿಹಾಕಿದೆ’ ಎಂದು ಬರೆದರೆ ಅರ್ಥ ಎಲ್ಲಿಗೋ ಹೋಗುತ್ತದೆ.

ಎಂಟು ಸಾವಿರದ ವಿಚಾರ ಸುಲಭವಾಗಿ ಬಗೆಹರಿಯಿತು. ನಿಯಮದ ಪ್ರತಿ ಇಟ್ಟು ಒಂದು ಪತ್ರ ಬರೆದೆ, ನಾಲ್ಕನೆಯ ದಿನ ಆಸ್ಪತ್ರೆಯವರು ಹಣ ಹಿಂದಿರುಗಿಸಿದರು. 2025ರ ಮೇ ತಿಂಗಳಲ್ಲಿ ಕೇಂದ್ರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಸಿಗಬೇಕಲ್ಲವೇ ಎಂದು ಕೇಳಿದೆ. ‘ಅದು ನಮ್ಮಲ್ಲಿಗೆ ಇನ್ನೂ ಬಂದಿಲ್ಲ ಸರ್’ ಎಂದರು. ಬಸ್ಸು ಇನ್ನೂ ಬಂದಿಲ್ಲ ಎನ್ನುವ ಹಾಗೆ.

ಠಾಣೆಯಲ್ಲಿ

ನಿಜವಾದ ಕಗ್ಗಂಟು ಇಲ್ಲಿಂದ ಶುರು. ಆಸ್ಪತ್ರೆಗೆ ಬಂದ ಪಿಎಸ್‌ಐ ಟಾರ್ಚ್ ಹಾಕಿ ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಿಂದೆ ರಕ್ತ. ಮುಂದಿನ ಬಂಪರಿನ ಎಡ ಮೂಲೆಯಲ್ಲಿ ಒಂದು ತರಚು. ‘ನಿಜ ಹೇಳಪ್ಪಾ, ನೀನೇ ಗುದ್ದಿ ಭಯಕ್ಕೆ ತಂದು ಸೇರಿಸಿದ್ದೀಯಲ್ಲವೇ?’

ಕೇಳಲೇಬಾರದ ಪ್ರಶ್ನೆ ಅದಲ್ಲ. ಗುದ್ದಿದ ಚಾಲಕನೇ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಅಂದರೆ ಗುದ್ದಿದವನೂ ತರುತ್ತಾನೆ, ಕಂಡವನೂ ತರುತ್ತಾನೆ, ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. 134 ಹಾಗೂ 134ಎ ನಡುವೆ ಇರುವುದು ಒಂದೇ ಅಕ್ಷರ. ಎರಡನೆಯದರಲ್ಲಿ ಬರುವ ರಕ್ಷಣೆಯೋ, ನೆರವು ನೀಡುವಾಗ ಆದ ನಿರ್ಲಕ್ಷ್ಯಕ್ಕೆ ಮಾತ್ರ. ‘ಇವನು ನೆರವಿಗೆ ಬಂದವನೋ, ಗುದ್ದಿದವನೋ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲಷ್ಟೇ ಆ ಕಲಂ ಬಾಯಿ ತೆರೆಯುತ್ತದೆ.

ಹೆಸರು ಹೇಳದಿರುವ ಹಕ್ಕಿನ ಕಥೆಯೂ ಅಷ್ಟೆ. ಆ ಹಕ್ಕು ಮನುಷ್ಯನಿಗಿದೆ, ನಂಬರ್ ಪ್ಲೇಟಿಗಿಲ್ಲ. ಇನ್ನೂ ಒಂದು ಮಾತು: ಅವನು ಆ ಹಕ್ಕನ್ನು ಬಳಸಿಕೊಂಡು, ಹೆಸರು ಹೇಳದೆ ಹೊರಟುಹೋಗಿದ್ದರೆ? ಕಾವಲುಗಾರನ ಪುಸ್ತಕದಲ್ಲಿ ನಂಬರ್ ಇದೆ, ಗಾಡಿಯಲ್ಲಿ ರಕ್ತವಿದೆ, ಚಾಲಕ ಪರಾರಿ. ಅವನನ್ನು ಸಿಕ್ಕಿಸಲು ಅದಕ್ಕಿಂತ ಬೇರೆ ಬೇಕಿರಲಿಲ್ಲ. ಕಾಲ್ನಡಿಗೆಯಲ್ಲಿ ಬಂದ ಪರೋಪಕಾರಿಗೆ ಹೊಲಿದ ಅಂಗಿ ಇದು. ಗಾಡಿ ತಂದವನಿಗೆ ಬಿಗಿಯಾಗುತ್ತದೆ.

ಗಾಡಿಯನ್ನು ಠಾಣೆಗೆ ಒಯ್ದರು. ಟೊಮೆಟೊವನ್ನು ಬೇರೆ ಗಾಡಿಗೆ ತುಂಬಿಕೊಳ್ಳಲು ಬಿಟ್ಟದ್ದು ಮರುದಿನ ಮಧ್ಯಾಹ್ನ, ಹರಾಜು ಮುಗಿದ ಮೇಲೆ.

ನಾನು ಚಾಲಕನಿಗೆ ಮೊದಲು ಕೇಳಿದ್ದು ಪೊಲೀಸರು ಕೊಟ್ಟ ನೋಟಿಸು. ಇಂತಹ ಪ್ರಕರಣದಲ್ಲಿ ಅದರ ಮೇಲಿನ ಕಲಂ ಸಂಖ್ಯೆಯೇ ಎಲ್ಲವನ್ನೂ ಹೇಳುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179 ಎಂದಿದ್ದರೆ ನಿಮ್ಮನ್ನು ಸಾಕ್ಷಿಯಾಗಿ ಕರೆದಿದ್ದಾರೆ. 35(3) ಎಂದಿದ್ದರೆ ನೀವು ಆರೋಪಿಯ ಕುರ್ಚಿಯಲ್ಲಿದ್ದೀರಿ. ಅವನ ಕೈಯಲ್ಲಿದ್ದದ್ದು 35(3).

ಎಫ್‌ಐಆರ್ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಗಾಯಾಳುವಿನ ಅಣ್ಣ ಬೆಳಿಗ್ಗೆ ಕೊಟ್ಟ ದೂರಿನಲ್ಲಿ ಇದ್ದದ್ದು ‘ಯಾವುದೋ ಅಪರಿಚಿತ ವಾಹನ’. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಬಿ) ಅಡಿ, ಅಂದರೆ ಅಜಾಗರೂಕ ಚಾಲನೆ ಮತ್ತು ಅದರಿಂದಾದ ತೀವ್ರ ಗಾಯದ ಪ್ರಕರಣ. ಅದೇ ಅಣ್ಣ ಮೂರನೆಯ ದಿನ ಮರುಹೇಳಿಕೆ ಕೊಟ್ಟರು. ಅದರಲ್ಲಿ ನಮ್ಮ ಪಿಕಪ್ಪಿನ ನಂಬರ್ ಇತ್ತು.

ಐವತ್ತು ಸಾವಿರಕ್ಕೂ ಎರಡೂವರೆ ಲಕ್ಷಕ್ಕೂ ನಡುವೆ

ಆ ಮೂರು ದಿನಗಳಲ್ಲಿ ಏನಾಯಿತು ಎಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನೇ ಆ ಕೆಲಸದಲ್ಲಿರುವವನು.

ಗುದ್ದಿದ ಗಾಡಿ ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ ಸಿಗುವುದು ಮೋಟಾರು ವಾಹನ ಕಾಯ್ದೆಯ 161ನೇ ಕಲಂ ಅಡಿಯಲ್ಲಿ 50,000 ರೂಪಾಯಿ, ಸತ್ತರೆ 2 ಲಕ್ಷ. ಗಾಡಿ ಪತ್ತೆಯಾಗಿ, ಅದಕ್ಕೆ ವಿಮೆ ಇದ್ದರೆ? 164ನೇ ಕಲಂ ಪ್ರಕಾರ ಚಾಲಕನ ತಪ್ಪನ್ನು ಸಾಬೀತು ಮಾಡುವ ಗೋಜೇ ಇಲ್ಲದೆ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ 5 ಲಕ್ಷ. ತಪ್ಪನ್ನು ಸಾಬೀತು ಮಾಡಿ 166ರ ಅಡಿ ನ್ಯಾಯಮಂಡಳಿಗೆ ಹೋದರೆ ಅದಕ್ಕಿಂತಲೂ ಹೆಚ್ಚು. ತಲೆಗೆ ಪೆಟ್ಟಾಗಿ ಮಲಗಿದ ದುಡಿಯುವ ಮಗ, ದಿನಕ್ಕೆ ಸಾವಿರಾರು ರೂಪಾಯಿಯ ಔಷಧ, ಒತ್ತೆಗೆ ಹೋದ ಒಡವೆ. ಇಷ್ಟೆಲ್ಲ ಇರುವ ಮನೆಯವರ ಮುಂದೆ ಯಾರೋ ಬಂದು ‘ಗಾಡಿ ನಂಬರ್ ಒಂದು ಬೇಕಲ್ಲಾ’ ಎಂದರೆ, ಅವರಿಗೆ ಗೊತ್ತಿರುವ ನಂಬರ್ ಯಾವುದು? ತಮ್ಮನ್ನು ಕಾಪಾಡಿದ ಗಾಡಿಯದೇ.

ಅಣ್ಣನನ್ನು ನಾನು ದೂರುವುದಿಲ್ಲ. ಅವರು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದರೋ, ಪೊಲೀಸರಿಗೆ ಬಂದ ಶಂಕೆಯನ್ನೇ ನಂಬಿದರೋ, ಆ ಸಂಕಟದಲ್ಲಿ ಅವೆರಡರ ನಡುವಿನ ಗೆರೆ ತೆಳ್ಳಗಿರುತ್ತದೆ. ಕಕ್ಷಿದಾರರು ಬಂದಾಗ ‘ಆಸ್ಪತ್ರೆಗೆ ಯಾರು ತಂದು ಸೇರಿಸಿದರು?’ ಎಂದು ನಾನೂ ಮೊದಲಿಗೇ ಕೇಳುತ್ತಿದ್ದೆ. ಆ ಪ್ರಶ್ನೆಯನ್ನು ಕೃತಜ್ಞತೆಯಿಂದ ಕೇಳುತ್ತಿರಲಿಲ್ಲ ಎಂಬುದನ್ನು ಈ ಪ್ರಕರಣದ ನಂತರ ಒಪ್ಪಿಕೊಳ್ಳಬೇಕಾಗಿದೆ.

ಜನ ಯಾಕೆ ನಿಲ್ಲಿಸುವುದಿಲ್ಲ ಎಂದು ಕೇಳಿದಾಗಲೆಲ್ಲ ಪೊಲೀಸರ ಭಯ, ಕೋರ್ಟಿನ ಅಲೆದಾಟ ಎಂಬ ಉತ್ತರ ಬರುತ್ತದೆ. ಪರಿಹಾರದ ಈ ಅಂತರದ ಬಗ್ಗೆ ಯಾರೂ ಮಾತನಾಡುವುದಿಲ್ಲ. ಗಾಡಿ ಸಿಗದ ಪ್ರಕರಣಕ್ಕೂ ಸಿಕ್ಕ ಪ್ರಕರಣಕ್ಕೂ ತೀವ್ರ ಗಾಯದಲ್ಲಿ ಐದು ಪಟ್ಟು ವ್ಯತ್ಯಾಸವನ್ನು ಕಾನೂನೇ ಇಟ್ಟಿರುವಾಗ, ಸ್ಥಳದಲ್ಲಿ ನಿಂತ ಪ್ರತಿ ವಿಮೆಯುಳ್ಳ ಗಾಡಿಯ ಮೇಲೂ ಒಂದು ಕಣ್ಣು ಬಿದ್ದೇ ಬೀಳುತ್ತದೆ. 161ರ ಮೊತ್ತವನ್ನು 164ರ ಮೊತ್ತಕ್ಕೆ ಸಮ ಮಾಡಿದರೆ ಹತ್ತು ಜಾಗೃತಿ ಜಾಥಾಗಳಿಗಿಂತ ಹೆಚ್ಚು ಗಾಡಿಗಳು ನಿಲ್ಲುತ್ತವೆ ಎಂಬುದು ನನ್ನ ಲೆಕ್ಕ.

ಬಿಡುಗಡೆ

ಗಾಯಾಳುವಿಗೆ ಪ್ರಜ್ಞೆ ಬಂದರೆ ಸತ್ಯ ಹೇಳುತ್ತಾನೆ ಎಂದು ಚಾಲಕ ಕಾಯುತ್ತಿದ್ದ. ಆರನೆಯ ದಿನ ಪ್ರಜ್ಞೆ ಬಂತು. ಆದರೆ ಆ ಸಂಜೆ ಮನೆಯಿಂದ ಹೊರಟದ್ದರ ಹೊರತು ಅವನಿಗೆ ಏನೂ ನೆನಪಿರಲಿಲ್ಲ.

ಹಾಗಾಗಿ ವಸ್ತುಗಳೇ ಮಾತನಾಡಬೇಕಾಯಿತು. ಎರಡು ಕಿಲೋಮೀಟರ್ ಹಿಂದಿನ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಬೈಕು ದಾಟಿದ್ದು 9 ಗಂಟೆ 51 ನಿಮಿಷಕ್ಕೆ, ಪಿಕಪ್ ದಾಟಿದ್ದು 10 ಗಂಟೆ 4 ನಿಮಿಷಕ್ಕೆ. 10 ಗಂಟೆ 9ಕ್ಕೆ 108ಕ್ಕೆ ಕರೆ. ಬೈಕಿನವನು ನಡುವೆ ಎಲ್ಲಾದರೂ ನಿಂತಿದ್ದರೆ ಎಂದರು ಪಿಎಸ್‌ಐ. ಅದೂ ಸರಿಯೇ. ಮೋಟಾರು ವಾಹನ ನಿರೀಕ್ಷಕರ ವರದಿ ಬಂತು: ಬಂಪರಿನ ತರಚು ತುಕ್ಕು ಹಿಡಿದ ಹಳೆಯದು, ಬೈಕಿನ ಹಿಂದಿನ ಮಡ್‌ಗಾರ್ಡಿಗೆ ಅಂಟಿದ್ದ ಬಣ್ಣ ಕೆಂಪು, ಪಿಕಪ್ ಬಿಳಿ.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ಸ್ಥಳ ಮಹಜರಿನಲ್ಲಿ ‘ಡಿಕ್ಕಿಯ ರಭಸಕ್ಕೆ ವಾಹನದಿಂದ ಬಿದ್ದ ಟೊಮೆಟೊ ಕ್ರೇಟುಗಳು’ ಎಂದು ಬರೆದಿದ್ದರು. ಮಹಜರಿನ ಜೊತೆಗಿದ್ದ ಫೋಟೊ ನೋಡಿದೆ. ಕ್ರೇಟುಗಳು ಒಂದರ ಮೇಲೊಂದು, ಎರಡು ಸಾಲಾಗಿ, ಅಂಚಿಗೆ ಅಂಚು ಕೂಡಿಸಿಟ್ಟಿದ್ದವು. ಮಂಡಿಗೆ ಮಾಲು ಹಾಕುವ ರೈತನ ಕೈ ಆ ಕತ್ತಲಲ್ಲೂ, ಆ ಗಾಬರಿಯಲ್ಲೂ ಕ್ರೇಟನ್ನು ಹಾಗೇ ಇಟ್ಟಿತ್ತು. ಡಿಕ್ಕಿ ಹೊಡೆದ ಗಾಡಿಯಿಂದ ಕ್ರೇಟು ಬಿದ್ದರೆ ಸಾಲು ಕಟ್ಟುವುದಿಲ್ಲ. ಆ ಫೋಟೊವನ್ನು ಮ್ಯಾಜಿಸ್ಟ್ರೇಟರ ಮುಂದಿಟ್ಟೆ.

ವಾಹನಗಳನ್ನು ಠಾಣೆಯ ಅಂಗಳದಲ್ಲಿ ಕೊಳೆಯಲು ಬಿಡಬಾರದು ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಹನ್ನೊಂದನೆಯ ದಿನ ಮಾಲೀಕರ ಮುಚ್ಚಳಿಕೆಯ ಮೇಲೆ ಪಿಕಪ್ ಹೊರಬಂತು. ಚಾಲಕನ ಹೆಸರು ಆರೋಪಿಗಳ ಸಾಲಿಗೆ ಹೋಗಲೇ ಇಲ್ಲ. ಗುದ್ದಿದ ಗಾಡಿ ಸಿಗಲಿಲ್ಲ, ತಿಂಗಳುಗಳ ನಂತರ ಪೊಲೀಸರು ಪತ್ತೆಯಾಗದ ಪ್ರಕರಣ ಎಂದು ‘ಸಿ’ ವರದಿ ಹಾಕಿದರು.

ನಡುವೆ ಒಂದು ಲಾಯರ್ ನೋಟಿಸೂ ಬಂದಿತ್ತು. ಗುದ್ದಿದ್ದು ನೀವಲ್ಲದಿದ್ದರೂ, ಕೈಕಾಲು ಹಿಡಿದು ಎತ್ತಿ ಕ್ರೇಟುಗಳ ನಡುವೆ ಮಲಗಿಸಿದ್ದರಿಂದಲೇ ಬೆನ್ನುಹುರಿಗೆ ಹಾನಿಯಾಯಿತು, ಅದಕ್ಕೆ ಪರಿಹಾರ ಕೊಡಿ ಎಂದು. ನಾನು ಕೊಟ್ಟ ಉತ್ತರ ಒಂದೇ ಪ್ಯಾರಾ. 134ಎ ಕಲಂ ಇರುವುದೇ ಇದಕ್ಕೆ: ಸದುದ್ದೇಶದಿಂದ, ತಾನಾಗಿ, ಪ್ರತಿಫಲ ಬಯಸದೆ ನೆರವಾದವನ ಕೈಯಲ್ಲಿ ಅಜಾಗರೂಕತೆಯೇ ನಡೆದಿದ್ದರೂ ಸಿವಿಲ್ ಹೊಣೆಯೂ ಇಲ್ಲ, ಕ್ರಿಮಿನಲ್ ಹೊಣೆಯೂ ಇಲ್ಲ. ಆ ನೋಟಿಸು ಅಲ್ಲಿಗೇ ತಣ್ಣಗಾಯಿತು. ಇಷ್ಟು ಚೊಕ್ಕವಾಗಿ ಕೆಲಸ ಮಾಡುವ ಕಲಂಗಳು ನಮ್ಮಲ್ಲಿ ಕಡಿಮೆ. ರಸ್ತೆಯ ಬದಲು ಕೆರೆಯಲ್ಲೋ ಬಾವಿಯಲ್ಲೋ ಮುಳುಗುತ್ತಿದ್ದವನನ್ನು ಎಳೆದಿದ್ದರೆ ಇದು ಒದಗುತ್ತಿರಲಿಲ್ಲ, ಏಕೆಂದರೆ 134ಎ ಇರುವುದು ಮೋಟಾರು ವಾಹನ ಅಪಘಾತಕ್ಕೆ ಮಾತ್ರ. ಆಗ ಕರ್ನಾಟಕದ ಕಾಯ್ದೆಯನ್ನೂ, ಒಪ್ಪಿಗೆ ಕೇಳಲು ಸಾಧ್ಯವಿಲ್ಲದವನ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೆಲಸ ಅಪರಾಧವಲ್ಲ ಎನ್ನುವ ನ್ಯಾಯ ಸಂಹಿತೆಯ 30ನೇ ಕಲಮನ್ನೂ ಹಿಡಿಯಬೇಕಾಗುತ್ತಿತ್ತು.

ಅಪಘಾತವಾದ ಮೊದಲ ಗಂಟೆಯೊಳಗೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರ ಕೊಡುವ ಬಹುಮಾನ 2021ರಲ್ಲಿ 5,000 ರೂಪಾಯಿ ಇತ್ತು, ಈಗ ‘ರಾಹ್-ವೀರ್’ ಎಂಬ ಹೆಸರಿನಲ್ಲಿ 25,000 ಆಗಿದೆ. ಜಿಲ್ಲಾ ಸಮಿತಿಯ ಮುಂದೆ ಹೋಗಬೇಕಾದರೆ ಠಾಣೆಯಿಂದಲೋ ಆಸ್ಪತ್ರೆಯಿಂದಲೋ ಶಿಫಾರಸು ಬರಬೇಕು. ಅರ್ಜಿ ಹಾಕೋಣ ಎಂದೆ. ‘ಮತ್ತೆ ಆ ಠಾಣೆಗೆ ಹೋಗಬೇಕಾ ಸರ್?’ ಎಂದು ಕೇಳಿದ. ಹೌದು ಎಂದೆ. ‘ಬೇಡ ಬಿಡಿ ಸರ್.’

ಇನ್ನೊಮ್ಮೆ ಹೀಗಾದರೆ ಏನು ಮಾಡಲಿ ಎಂದೂ ಕೇಳಿದ. ಗಾಯಾಳುವನ್ನು ಎತ್ತುವ ಮೊದಲು ಎರಡು ಫೋಟೊ ತೆಗೆ, ಒಂದು ನಿನ್ನ ಗಾಡಿಯ ಮುಂಭಾಗದ್ದು, ಇನ್ನೊಂದು ಬಿದ್ದ ಬೈಕಿನದು. 108ರ ಜೊತೆಗೆ 112ಕ್ಕೂ ಕರೆ ಮಾಡು, ಪೊಲೀಸರ ದಾಖಲೆಯಲ್ಲೇ ಸಮಯ ಬೀಳುತ್ತದೆ. ಕರೆತಂದದ್ದಕ್ಕೆ ಆಸ್ಪತ್ರೆಯಿಂದ ಒಂದು ಚೀಟಿ ಬರೆಸಿಕೋ ಎಂದೆ. ಹೇಳುವಾಗಲೇ ನನಗೆ ಮುಜುಗರವಾಯಿತು. ಉಸಿರು ಗೊರಗೊರ ಎನ್ನುವವನ ಪಕ್ಕದಲ್ಲಿ ನಿಂತು ಬಂಪರಿನ ಫೋಟೊ ತೆಗೆ ಎಂದು ಹೇಳಿಕೊಡುವ ಹಾಗಾಯಿತಲ್ಲ.

ಗಾಯಾಳು ಈಗ ಊರುಗೋಲು ಹಿಡಿದು ಓಡಾಡುತ್ತಾನೆ. 161ರ ಅರ್ಜಿ ತಹಶೀಲ್ದಾರ್ ಕಚೇರಿಯಲ್ಲಿದೆ. ಅಣ್ಣ ಒಂದು ದಿನ ಚಾಲಕನ ಮನೆ ಹುಡುಕಿಕೊಂಡು ಹೋಗಿ, ಒಂದು ಬುಟ್ಟಿ ಮಾವಿನಹಣ್ಣು ಕೊಟ್ಟು, ಹೆಚ್ಚು ಮಾತನಾಡದೆ ಬಂದರಂತೆ. ರಸ್ತೆ ಬದಿಯಲ್ಲಿ ಇಳಿಸಿದ್ದ ಇಪ್ಪತ್ತು ಕ್ರೇಟುಗಳಲ್ಲಿ ಮರುದಿನ ಸಿಕ್ಕಿದ್ದು ಹನ್ನೆರಡು. ಖಾಲಿ ಕ್ರೇಟು ಮಂಡಿಯವರದು, ಲೆಕ್ಕ ಕೊಡಲೇಬೇಕು. ಉಳಿದ ಎಂಟು ಕ್ರೇಟಿನ ದುಡ್ಡನ್ನು ಚಾಲಕನ ಬಾಡಿಗೆಯಲ್ಲಿ ಮುರಿದುಕೊಂಡರು.